ಓಟಿಪಿ ಬಾರದ ಊರಿನಲ್ಲಿ ವೈ-ಫೈ ಲಾಗಿನ್

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಭಾವನ ಹೋಂಸ್ಟೇ ಇದೆ. ಆರು ಕೋಣೆ, ಒಂದು ಫೈಬರ್ ಸಂಪರ್ಕ, ಜಗಲಿಯ ಕಂಬಕ್ಕೆ ಅಂಟಿಸಿದ ಒಂದೇ ಪಾಸ್‌ವರ್ಡ್. ಅದು ಅತಿಥಿಗಳಿಗಷ್ಟೇ ಅಲ್ಲ, ಅಡಿಕೆ ಕೊನೆ ತೆಗೆಯಲು ಬರುವವರಿಗೂ ಬಾಯಿಪಾಠವಾಗಿತ್ತು. ‘ಕೋಣೆಗೊಂದು ಬೀಗದ ಕೈ ಇರುವ ಹಾಗೆ ಇದಕ್ಕೂ ಮಾಡಲು ಬರುವುದಿಲ್ಲವೇ ಮಾರಾಯ?’ ಎಂದು ಭಾವ ಕೇಳಿದರು. ಬರುತ್ತದೆ. ಅದನ್ನು ಮಾಡುತ್ತಾ ಕಲಿತದ್ದನ್ನು ನೆಟ್‌ವರ್ಕಿಂಗ್ ಕಲಿಯುತ್ತಿರುವ ನಿಮಗಾಗಿ ಬರೆದಿಟ್ಟಿದ್ದೇನೆ.

ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದರೆ ಒಬ್ಬರನ್ನು ಹೊರಗಿಡಲು ಎಲ್ಲರ ಪಾಸ್‌ವರ್ಡನ್ನೂ ಬದಲಿಸಬೇಕು. ಪ್ರತ್ಯೇಕ ಲಾಗಿನ್ ಕೊಡಲು ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಡಬ್ಲ್ಯುಪಿಎ2 ಎಂಟರ್‌ಪ್ರೈಸ್. ಇದರಲ್ಲಿ ವೈ-ಫೈಗೆ ಸೇರುವಾಗಲೇ ಹೆಸರು, ಪಾಸ್‌ವರ್ಡ್ ಎರಡನ್ನೂ ಕೊಡಬೇಕು. ಪ್ರತಿಯೊಬ್ಬರ ಸಂಪರ್ಕಕ್ಕೂ ಬೇರೆ ಬೇರೆ ಗೂಢಲಿಪಿ ಕೀಲಿ ಸಿಗುತ್ತದೆ. ಭದ್ರತೆಗೆ ಇದೇ ಮೇಲು. ಆದರೆ ಫೋನಿನಲ್ಲಿ ಸರ್ವರ್ ಅಸಲಿಯೆಂದು ತೋರಿಸುವ ಪ್ರಮಾಣಪತ್ರದ ಆಯ್ಕೆಗಳನ್ನು ತುಂಬಲು ಒಂದು ರಾತ್ರಿ ತಂಗುವ ಅತಿಥಿಗೆ ಹೇಳುವುದು ಶಿಕ್ಷೆಯೇ ಸರಿ. ಇದು ಕಚೇರಿಗೆ ತಕ್ಕದ್ದು.

ಎರಡನೆಯದು ಕ್ಯಾಪ್ಟಿವ್ ಪೋರ್ಟಲ್, ಅಂದರೆ ವೈ-ಫೈಗೆ ಸೇರಿದ ಮೇಲೆ ತಾನಾಗಿ ತೆರೆದುಕೊಳ್ಳುವ ಲಾಗಿನ್ ಪುಟ. ಇದರ ಒಳಗುಟ್ಟು ಸ್ವಾರಸ್ಯವಾಗಿದೆ. ವೈ-ಫೈ ಸಿಕ್ಕ ಕೂಡಲೇ ಆಂಡ್ರಾಯ್ಡ್ ಫೋನ್ ಗೂಗಲ್‌ನ ಒಂದು ವಿಳಾಸವನ್ನು ಕೇಳಿ, 204 ಎಂಬ ಖಾಲಿ ಉತ್ತರಕ್ಕಾಗಿ ಕಾಯುತ್ತದೆ. ರೌಟರ್ ಆ ಕೋರಿಕೆಯನ್ನು ನಡುವೆಯೇ ಹಿಡಿದು ತನ್ನ ಲಾಗಿನ್ ಪುಟದತ್ತ ತಿರುಗಿಸುತ್ತದೆ. ನಿರೀಕ್ಷಿಸಿದ ಉತ್ತರ ಬಾರದಿದ್ದಾಗ ಫೋನ್ ಸಂಗತಿ ಏನೆಂದು ತಿಳಿದು ‘ಸೈನ್ ಇನ್’ ಸೂಚನೆ ತೋರಿಸುತ್ತದೆ. ಅತಿಥಿ ಆ ಸೂಚನೆಯನ್ನು ಒತ್ತದೆ ನೇರವಾಗಿ ಎಚ್‌ಟಿಟಿಪಿಎಸ್ ತಾಣವೊಂದನ್ನು ತೆರೆಯಲು ಹೋದರೆ ಪುಟ ಬರುವುದೇ ಇಲ್ಲ, ಅಥವಾ ಭದ್ರತೆಯ ಎಚ್ಚರಿಕೆ ಬರುತ್ತದೆ. ಎಚ್ಚರಿಕೆಯನ್ನು ದಾಟಿ ಹೋಗಿ ಎಂದು ಯಾರಿಗೂ ಹೇಳಿಕೊಡಬೇಡಿ. ಸೂಚನೆಯನ್ನೇ ಒತ್ತಲು ಹೇಳಿ.

ಲಾಗಿನ್ ಸರಿಯೇ ಎಂದು ತೀರ್ಮಾನಿಸುವುದು ರೇಡಿಯಸ್ ಎಂಬ ವ್ಯವಸ್ಥೆ. ನೀವು ಯಾರು, ನಿಮಗೆ ಎಷ್ಟು ಅನುಮತಿ, ನೀವು ಬಳಸಿದ್ದೆಷ್ಟು ಎಂಬ ಮೂರು ಲೆಕ್ಕವನ್ನು ಅದು ಇಡುತ್ತದೆ. ಮೊದಲೆರಡಕ್ಕೆ 1812, ಮೂರನೆಯದಕ್ಕೆ 1813 ಪೋರ್ಟ್; ಪರೀಕ್ಷೆಯಲ್ಲಿ ಇವೆರಡನ್ನು ಅದಲುಬದಲು ಮಾಡುವವರೇ ಹೆಚ್ಚು. ಆರು ಕೋಣೆಗೆ ಬೇರೆ ಸರ್ವರ್ ಬೇಕಿಲ್ಲ. ಮೈಕ್ರೋಟಿಕ್‌ನಂಥ ರೌಟರ್‌ಗಳಲ್ಲಿ ಹಾಟ್‌ಸ್ಪಾಟ್ ಸೌಲಭ್ಯ, ಅಂದರೆ ಲಾಗಿನ್ ಪುಟ ತೋರಿಸಿ ಲಾಗಿನ್ ಪರಿಶೀಲಿಸುವ ವ್ಯವಸ್ಥೆ, ಒಳಗೇ ಇರುತ್ತದೆ.

ನಾನು ಎಡವಿದ್ದು ಇದರ ನಂತರ. ಶಿವಮೊಗ್ಗದ ಕೋಣೆಯಲ್ಲಿ ಕುಳಿತು ಓಟಿಪಿ ಲಾಗಿನ್ ಸಿದ್ಧಪಡಿಸಿದೆ, ಚೆನ್ನಾಗಿ ನಡೆಯಿತು. ಭಾವನ ಮನೆಯಲ್ಲಿ ನೋಡಿದರೆ ಮೊಬೈಲ್ ಸಿಗ್ನಲ್ಲೇ ಇಲ್ಲ! ಸಿಗ್ನಲ್ ಇಲ್ಲವೆಂದೇ ವೈ-ಫೈ ಕೇಳುವವನಿಗೆ, ಸಿಗ್ನಲ್ ಇದ್ದರಷ್ಟೇ ಬರುವ ಓಟಿಪಿಯನ್ನು ತಾ ಎಂದಂತಾಯಿತು. ಅತಿಥಿಯೊಬ್ಬರು ಫೋನ್ ಹಿಡಿದು ಗುಡ್ಡ ಹತ್ತಿ, ಓಟಿಪಿ ಪಡೆದು ಇಳಿದು ಬರುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು.

ಹಾಗಾಗಿ ಚೀಟಿಗೆ ಬಂದೆವು. ರೌಟರ್‌ನಲ್ಲಿ ಲಾಗಿನ್‌ಗಳನ್ನು ಮೊದಲೇ ತಯಾರಿಸಿ, ಮುದ್ರಿಸಿ, ಕತ್ತರಿಸಿ ಇಡುವುದು. ಕೋಣೆಯ ಬೀಗದ ಕೈ ಜೊತೆ ಒಂದು ಚೀಟಿ ಕೊಡುವುದು. ಗುರುತಿನ ಪ್ರಶ್ನೆಯೂ ಇಲ್ಲಿದೆ. ಸಾರ್ವಜನಿಕ ವೈ-ಫೈ ಬಳಸುವವರ ಗುರುತನ್ನು ದೃಢಪಡಿಸಿಕೊಳ್ಳಬೇಕೆಂದು ದೂರಸಂಪರ್ಕ ಇಲಾಖೆ 2009ರಲ್ಲೇ ಸೂಚಿಸಿದೆ. ಹೋಂಸ್ಟೇಯಲ್ಲಿ ಗುರುತಿನ ಚೀಟಿ ನೋಡಿ ರಿಜಿಸ್ಟರ್ ಬರೆಯುವುದು ಇದ್ದದ್ದೇ. ಅದೇ ಸಾಲಿನಲ್ಲಿ ವೈ-ಫೈ ಚೀಟಿಯ ಸಂಖ್ಯೆಯನ್ನೂ ಬರೆದರಾಯಿತು.

ಮಳೆಗಾಲದಲ್ಲಿ ಇನ್ನೊಂದು ಪಾಠವಾಯಿತು. ಹಲವು ಚಿಕ್ಕ ರೌಟರ್‌ಗಳ ಗಡಿಯಾರಕ್ಕೆ ಬ್ಯಾಟರಿ ಇರುವುದಿಲ್ಲ. ಕರೆಂಟ್ ಹೋಗಿ ಬಂದಾಗ ನಮ್ಮ ರೌಟರ್‌ನ ದಿನಾಂಕ ಹಿಂದಕ್ಕೆ ಜಾರಿ, ಹಿಂದಿನ ವಾರ ಹೋದವರ ಅವಧಿ ಮುಗಿದ ಚೀಟಿಗೆ ಮತ್ತೆ ಜೀವ ಬಂದಿತ್ತು. ಸರಿಯಾದ ಸಮಯವನ್ನು ಇಂಟರ್ನೆಟ್ಟಿನಿಂದ ತರುವ ಎನ್‌ಟಿಪಿ ಹಾಕಿ, ಸಮಯವಲಯವನ್ನು 5:30 ಎಂದು ಹೊಂದಿಸಿದ ಮೇಲೆ, ಇಂಟರ್ನೆಟ್ ಬಂದೊಡನೆ ಗಡಿಯಾರ ತಾನೇ ಸರಿಹೋಗುತ್ತದೆ. ರೌಟರ್ ಮತ್ತು ಫೈಬರ್ ಪೆಟ್ಟಿಗೆ ಎರಡನ್ನೂ ಇನ್ವರ್ಟರಿಗೆ ಸೇರಿಸಿ. ಒಂದನ್ನೇ ಸೇರಿಸಿದರೆ ಪ್ರಯೋಜನವಿಲ್ಲ.

ತೋಟದ ಕಡೆಯ ಎರಡು ಕೋಣೆಗಳಿಗೆ ವೈ-ಫೈ ಹರಡುವ ಬೇರೆ ಆಕ್ಸೆಸ್ ಪಾಯಿಂಟ್ ಹಾಕಿ, ವೈ-ಫೈಗೂ ಬೇರೆ ಹೆಸರಿಟ್ಟೆ. ಅದು ತಪ್ಪು. ಆಂಡ್ರಾಯ್ಡ್ 10ರಿಂದ ಫೋನ್‌ಗಳು ತಮ್ಮನ್ನು ಜಾಲದಲ್ಲಿ ಗುರುತಿಸುವ ಮ್ಯಾಕ್ ವಿಳಾಸವನ್ನು ಮರೆಮಾಡಿ, ಒಂದೊಂದು ವೈ-ಫೈ ಹೆಸರಿಗೆ ಒಂದೊಂದು ವಿಳಾಸವನ್ನು ತೋರಿಸುತ್ತವೆ. ಹೀಗಾಗಿ ಜಗಲಿಯಿಂದ ತೋಟಕ್ಕೆ ನಡೆದ ಅದೇ ಫೋನ್ ರೌಟರಿಗೆ ಹೊಸದಾಗಿ ಕಂಡು, ಮತ್ತೆ ಲಾಗಿನ್ ಕೇಳುತ್ತಿತ್ತು. ಎಲ್ಲೆಡೆ ಒಂದೇ ಹೆಸರಿಡಿ.

ಭಾವನ ಬಿಲ್ಲಿಂಗ್ ಕಂಪ್ಯೂಟರ್ ಮತ್ತು ಸಿಸಿ ಕ್ಯಾಮೆರಾಗಳು ಅತಿಥಿಗಳ ಜಾಲದಲ್ಲಿ ಇರಲೇಬಾರದು. ವಿಲ್ಯಾನ್, ಅಂದರೆ ಒಂದೇ ಉಪಕರಣದಲ್ಲಿ ಬೇರೆ ಬೇರೆ ಜಾಲ, ಮಾಡಿ ಬೇರ್ಪಡಿಸಿ, ಅತಿಥಿಗಳ ಫೋನ್‌ಗಳು ಪರಸ್ಪರ ಕಾಣದಂತೆ ಕ್ಲೈಂಟ್ ಐಸೊಲೇಶನ್ ಕೂಡ ಹಾಕಿ.

ಚೀಟಿ ಮುದ್ರಿಸುವ ಮುನ್ನ ಇಂಗ್ಲಿಷಿನ ಓ ಮತ್ತು ಎಲ್ ಅಕ್ಷರಗಳನ್ನೂ ಸೊನ್ನೆ, ಒಂದು ಅಂಕಿಗಳನ್ನೂ ಪಾಸ್‌ವರ್ಡಿನಿಂದ ತೆಗೆದುಬಿಡಿ. ಕರೆಂಟ್ ಇಲ್ಲದ ರಾತ್ರಿ ಟಾರ್ಚ್ ಹಿಡಿದು ಓದುವವರಿಗೆ ಅವು ಒಂದೇ ರೀತಿ ಕಾಣುತ್ತವೆ. ಲಾಗಿನ್ ಆಗದಿದ್ದರೆ ಅವರು ತಟ್ಟುವುದು ಭಾವನ ಬಾಗಿಲನ್ನೇ.