ಎಲ್ಲಕ್ಕೂ ಒಂದೇ ಕೊಳಗ

ನಮ್ಮ ಮನೆಯಲ್ಲಿ ಭತ್ತಕ್ಕೆ ಕೊಳಗ, ಅಡಿಕೆಗೆ ಕ್ವಿಂಟಲ್, ಮಳೆಗೆ ಇಂಚು. ತೀರ್ಥಹಳ್ಳಿ ಕಡೆ ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡ ಮನೆಗಳು ಈಗಲೂ ಇವೆ. ಬೆಳಿಗ್ಗೆ ಎದ್ದು ನೋಡಿ, ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆದಿಡುತ್ತಾರೆ. ಮಳೆಯನ್ನು ಕೊಳಗದಲ್ಲಿ ಅಳೆಯೋಣ ಅಂತ ಯಾರೂ ಹೊರಟಿದ್ದಿಲ್ಲ.

ವಿಶ್ವವಿದ್ಯಾಲಯದ ಸಂಶೋಧನೆಯನ್ನು ಮಾತ್ರ ನಾವು ಹಾಗೆ ಅಳೆಯುತ್ತಿದ್ದೇವೆ. ಎಷ್ಟು ಪೇಪರ್, ಅಂದರೆ ಸಂಶೋಧನಾ ಲೇಖನ, ಬಂತು? ಬೇರೆಯವರು ತಮ್ಮ ಪೇಪರಿನಲ್ಲಿ ಅವನ್ನು ಎಷ್ಟು ಸಲ ಸೈಟ್ (ಉಲ್ಲೇಖ) ಮಾಡಿದರು? ರಸಾಯನಶಾಸ್ತ್ರ, ಗಣಿತ, ಪ್ರಾಣಿಶಾಸ್ತ್ರ ಎಲ್ಲಕ್ಕೂ ಇದೇ ಕೊಳಗ. ವಿಶ್ವವಿದ್ಯಾಲಯಗಳಿಗೆ ಸ್ಥಾನ ಕೊಡುವ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರುತ್ತಿದೆ. ಅದರಲ್ಲೂ ಪೇಪರಿನ ಸಂಖ್ಯೆಗೆ ಅಂಕ ಇದೆ, ಸೈಟೇಶನ್ನಿಗೆ ಅಂಕ ಇದೆ. ಪಟ್ಟಿ ಬಂದ ದಿನ ನಮ್ಮ ಕುವೆಂಪು ವಿಶ್ವವಿದ್ಯಾಲಯ ಎಲ್ಲಿದೆ ಅಂತ ನಾನೂ ಹುಡುಕುತ್ತೇನೆ. 1987ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು. ಭದ್ರಾ ಅಣೆಕಟ್ಟಿನ ಹತ್ತಿರ ಶಂಕರಘಟ್ಟದಲ್ಲಿದೆ. ಎಂಎಸ್ಸಿ ಓದಿದ್ದು ಅಲ್ಲೇ, ಹಾಗಾಗಿ ಆ ಜಾಗದ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ.

ಆಗ ನನಗೆ ಇಬ್ಬರು ಗೆಳೆಯರಿದ್ದರು. ಒಬ್ಬ ರಸಾಯನಶಾಸ್ತ್ರದ ಲ್ಯಾಬಿನಲ್ಲಿ, ಇನ್ನೊಬ್ಬ ಕಪ್ಪೆಗಳ ಹಿಂದೆ.

ಮೊದಲನೆಯವನ ದಿನ ಒಂದು ಪುಟ್ಟ ಖಲ್ಲಿನಿಂದ ಶುರುವಾಗುತ್ತಿತ್ತು. 70 ಭಾಗ ಗ್ರಾಫೈಟ್ ಪುಡಿ, 30 ಭಾಗ ಸಿಲಿಕೋನ್ ಎಣ್ಣೆ. ಎರಡನ್ನೂ ಹಾಕಿ ಅರ್ಧ ಗಂಟೆ ಅರೆಯಬೇಕು. ಕಾಡಿಗೆಯಂಥ ಕಪ್ಪು ಪೇಸ್ಟ್ ಆಗುತ್ತದೆ. ಅದನ್ನು ಸಣ್ಣ ಕೊಳವೆಗೆ ತುಂಬಿ, ತುದಿಯನ್ನು ಕಾಗದದ ಮೇಲೆ ಉಜ್ಜಿ ನುಣುಪು ಮಾಡಿದರೆ ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡ್ ಸಿದ್ಧ. ಅದನ್ನು ದ್ರಾವಣದಲ್ಲಿ ಅದ್ದಿ ವೋಲ್ಟೇಜನ್ನು ನಿಧಾನಕ್ಕೆ ಏರಿಸುತ್ತಾರೆ, ಮತ್ತೆ ಇಳಿಸುತ್ತಾರೆ. ದ್ರಾವಣದಲ್ಲಿ ಡೋಪಮೀನ್ ಇದ್ದರೆ ಒಂದು ಹಂತದಲ್ಲಿ ಅದು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಕರೆಂಟ್ ಏರಿ, ಪರದೆಯ ಮೇಲೆ ಒಂದು ಗುಡ್ಡ ಮೂಡುತ್ತದೆ.

ಡೋಪಮೀನ್ ನಮ್ಮ ಮಿದುಳಿನ ಮುಖ್ಯ ರಾಸಾಯನಿಕ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನಲ್ಲಿ ಇದು ಕಡಿಮೆಯಾಗುತ್ತದೆ. ಅಳೆಯೋಣ ಅಂದರೆ ಒಂದು ತೊಡಕು. ಮೈಯಲ್ಲಿ ವಿಟಮಿನ್ ಸಿ ಕೂಡ ಇರುತ್ತದೆ, ಅದರ ಗುಡ್ಡವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಮೂಡುತ್ತದೆ. ಎರಡೂ ಕಲಸಿಹೋಗುತ್ತವೆ. ಎಲೆಕ್ಟ್ರೋಡಿನ ಮೈಗೆ ಯಾವುದೋ ಬಣ್ಣವನ್ನೋ, ಸೋಪಿನಂಥ ಪದಾರ್ಥವನ್ನೋ, ಲೋಹದ ಆಕ್ಸೈಡಿನ ನ್ಯಾನೊ ಕಣವನ್ನೋ ಸೇರಿಸಿದರೆ ಗುಡ್ಡಗಳು ಬೇರೆಯಾಗುತ್ತವೆ. ಯಾವುದು ಎಷ್ಟು ಚೆನ್ನಾಗಿ ಬೇರೆ ಮಾಡುತ್ತದೆ ಅನ್ನುವುದೇ ಪ್ರಶ್ನೆ. ಒಂದೊಂದು ಪದಾರ್ಥಕ್ಕೂ ಬೇರೆ ಉತ್ತರ, ಒಂದೊಂದು ಉತ್ತರಕ್ಕೂ ಒಂದು ಪೇಪರ್. ಇಂಥದ್ದೇ ಕೆಲಸ ಮಾಡುವ ಲ್ಯಾಬುಗಳು ಪ್ರಪಂಚದ ತುಂಬ ಇವೆ, ಎಲ್ಲರೂ ಒಬ್ಬರನ್ನೊಬ್ಬರು ಸೈಟ್ ಮಾಡುತ್ತಾರೆ. ಸಂಖ್ಯೆ ಬೇಗ ಬೆಳೆಯುತ್ತದೆ. ಇದು ಸುಲಭದ ಕೆಲಸ ಅಂತ ಹೇಳುತ್ತಿಲ್ಲ. ಸಂಜೆ ಹಾಸ್ಟೆಲ್ಲಿಗೆ ಬರುವಾಗ ಅವನ ಬೆರಳು ಕಪ್ಪಾಗಿರುತ್ತಿತ್ತು, ಕಣ್ಣು ಕೆಂಪಾಗಿರುತ್ತಿತ್ತು.

ಎರಡನೆಯವನಿಗೆ ವರ್ಷಕ್ಕೆ ಸಿಗುತ್ತಿದ್ದದ್ದು ನಾಲ್ಕು ತಿಂಗಳು. ಮಳೆ ಹಿಡಿದ ಮೇಲೆ ಕಪ್ಪೆ ಕೂಗುತ್ತದೆ, ಕೂಗಿದಾಗ ಹೋಗಬೇಕು. ಅದೂ ರಾತ್ರಿ. ತಲೆಗೆ ಟಾರ್ಚ್ ಕಟ್ಟಿಕೊಂಡು, ಇಂಬಳಕ್ಕೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಂಡು ಹಳ್ಳದಲ್ಲಿ ನಡೆಯುತ್ತಿದ್ದ. ಕಾಫಿ ತೋಟ, ಅಡಿಕೆ ತೋಟ, ಗದ್ದೆಗಳ ಕಪ್ಪೆಗಳಿಗೆ ಗೊಬ್ಬರದಿಂದ, ಕೀಟನಾಶಕದಿಂದ ಏನಾಗುತ್ತದೆ ಅನ್ನುವ ಅಧ್ಯಯನ ಶಂಕರಘಟ್ಟದಲ್ಲಿ ಎಷ್ಟೋ ವರ್ಷಗಳಿಂದ ನಡೆದಿದೆ. ನೀರಿಗೆ ಸೇರಿದ ನೈಟ್ರೇಟಿನಿಂದ ಗೊದಮೊಟ್ಟೆಗಳ ಮೇವಿನಲ್ಲಿ ಏನು ಬದಲಾಗುತ್ತದೆ ಅಂತ ಕೂತು ನೋಡಿದ್ದಾರೆ. ಒಂದು ಮಳೆಗಾಲ ಕೈಕೊಟ್ಟರೆ ಇಡೀ ವರ್ಷ ಹೋಯಿತು. ಈ ಕೆಲಸದಲ್ಲಿ ವರ್ಷಕ್ಕೆ ಹತ್ತು ಪೇಪರ್ ಬರುವುದು ಹೇಗೆ ಸಾಧ್ಯ ಹೇಳಿ?

ಜೋಗದಾಚೆ ಕತ್ತಲೆಕಾನಿನ ಹಳ್ಳಗಳಲ್ಲಿ ಒಂದು ಪುಟ್ಟ ಕಪ್ಪೆ ಇದೆ. ಹೆಣ್ಣು ಮೊಟ್ಟೆ ಇಟ್ಟ ಮೇಲೆ ಗಂಡು ಹಳ್ಳದ ತಳದಿಂದ ಕೈಯಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಮಡಕೆ ಮಾಡುವ ಕುಂಬಾರನ ಹಾಗೆ. 2014ರಲ್ಲಿ ವಿಜ್ಞಾನಿಗಳು ಅದಕ್ಕೆ ಇಟ್ಟ ಹೆಸರಿನಲ್ಲೂ 'ಕುಂಬಾರ' ಅನ್ನುವ ಕನ್ನಡ ಪದವೇ ಇದೆ. ಆ ಪೇಪರ್ ಬಂದದ್ದು ಜೂಟ್ಯಾಕ್ಸ ಅನ್ನುವ ಪತ್ರಿಕೆಯಲ್ಲಿ. ಹೊಸ ಪ್ರಾಣಿಗಳಿಗೆ ಹೆಸರಿಡುವ ಪೇಪರುಗಳು ಪ್ರಪಂಚದಲ್ಲೇ ಅತಿ ಹೆಚ್ಚು ಬರುವ ಪತ್ರಿಕೆಗಳಲ್ಲಿ ಅದೂ ಒಂದು. 2020ರಲ್ಲಿ ಏನಾಯಿತು ಗೊತ್ತಾ? ಸೈಟೇಶನ್ ಎಣಿಸಿ ಪತ್ರಿಕೆಗಳಿಗೆ 'ಇಂಪ್ಯಾಕ್ಟ್ ಫ್ಯಾಕ್ಟರ್' ಅಂಕ ಕೊಡುವ ಕಂಪನಿ ಜೂಟ್ಯಾಕ್ಸವನ್ನು ಪಟ್ಟಿಯಿಂದ ಕೈಬಿಟ್ಟಿತು. ಅದರಲ್ಲಿ ಬರೆಯುವವರು ಅದೇ ಪತ್ರಿಕೆಯ ಹಳೆಯ ಪೇಪರುಗಳನ್ನು ಜಾಸ್ತಿ ಸೈಟ್ ಮಾಡುತ್ತಾರೆ ಅನ್ನುವುದು ಕಾರಣ. ಮಾಡದೆ ಏನು ಮಾಡುತ್ತಾರೆ? ಕಪ್ಪೆಗಳ ವಿವರ ಅಲ್ಲೇ ಇದ್ದರೆ ಅಲ್ಲಿಂದಲೇ ತರಬೇಕು. ಪ್ರಾಣಿಶಾಸ್ತ್ರಜ್ಞರು ಗಟ್ಟಿಯಾಗಿ ಆಕ್ಷೇಪಿಸಿದ ಮೇಲೆ ಅದನ್ನು ಮತ್ತೆ ಸೇರಿಸಿಕೊಂಡರು. ಅಂಕವನ್ನೇ ನಂಬಿದ್ದರೆ ನಮ್ಮ ಕುಂಬಾರ ಕಪ್ಪೆಯ ಪೇಪರ್ ಇರುವ ಪತ್ರಿಕೆಗೆ ಆ ಹೊತ್ತು ಬೆಲೆಯೇ ಇರಲಿಲ್ಲ.

ಇನ್ನು ಒಬ್ಬೊಬ್ಬ ವಿಜ್ಞಾನಿಗೆ ಕೊಡುವ ಅಂಕ, ಎಚ್-ಇಂಡೆಕ್ಸ್. ಕನಿಷ್ಠ ಹತ್ತು ಸಲ ಸೈಟ್ ಆದ ಪೇಪರುಗಳು ಹತ್ತು ಇದ್ದರೆ ನಿಮ್ಮ ಎಚ್-ಇಂಡೆಕ್ಸ್ ಹತ್ತು. 2005ರಲ್ಲಿ ಹೋರ್ಹೆ ಹಿರ್ಷ್ ಅನ್ನುವ ಭೌತವಿಜ್ಞಾನಿ ಒಂದು ಪೇಪರಿನಲ್ಲಿ ಇದನ್ನು ಮುಂದಿಟ್ಟರು. ಜೀವವಿಜ್ಞಾನದವರ ಅಂಕ ಭೌತವಿಜ್ಞಾನದವರಿಗಿಂತ ಹೆಚ್ಚಿರುತ್ತದೆ ಅಂತ ಅವರೇ ಅದರಲ್ಲಿ ಬರೆದಿದ್ದರು. ಆ ಎಚ್ಚರಿಕೆಯನ್ನು ಜನ ಮರೆತರು, ಅಂಕವನ್ನು ಇಟ್ಟುಕೊಂಡರು. ಗಣಿತದಲ್ಲಿ ಒಬ್ಬರೋ ಇಬ್ಬರೋ ಸೇರಿ ಬರೆದ ಪೇಪರನ್ನು ಓದಿ ಅರ್ಥ ಮಾಡಿಕೊಳ್ಳುವವರೇ ಕಡಿಮೆ. ಅದೇ ಭೌತವಿಜ್ಞಾನದಲ್ಲಿ, 2015ರಲ್ಲಿ ಹಿಗ್ಸ್ ಅನ್ನುವ ಕಣದ ತೂಕದ ಬಗ್ಗೆ ಬಂದ ಒಂದು ಪೇಪರಿಗೆ 5,154 ಲೇಖಕರಿದ್ದರು. ಎಣಿಸುವಾಗ ಎರಡೂ ಒಂದೊಂದು ಪೇಪರ್, ಅಲ್ವಾ.

ನನಗೆ ಇದೆಲ್ಲಕ್ಕಿಂತ ಜಾಸ್ತಿ ಕಾಡುವುದು ಸಮಯದ ಮಾತು. ಅಂಕ ಹಾಕುವವರು ಹಿಂದಿನ ಕೆಲವು ವರ್ಷಗಳನ್ನು ನೋಡುತ್ತಾರೆ. ಮಲೆನಾಡಿಗೆ ಬೇಕಾದ ವಿಜ್ಞಾನ ಅಷ್ಟು ಬೇಗ ಹಣ್ಣಾಗುವುದಿಲ್ಲ.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಊರಿನವರಿಗೂ ಜ್ವರ ಬಂತು. ಪುಣೆಯಿಂದ ಬಂದ ವಿಜ್ಞಾನಿಗಳಿಗೆ ಮೊದಲು ಹಳದಿ ಜ್ವರದ ಅನುಮಾನ ಬಂದಿತ್ತು, ಆಮೇಲೆ ಅದು ಹೊಸ ವೈರಸ್ ಅಂತ ತಿಳಿಯಿತು. ಹರಡುವುದು ಉಣುಗಿನಿಂದ. ಆ ವರ್ಷಗಳಲ್ಲಿ ಅವರು ಕಾಡಿನಲ್ಲಿ ಉಣುಗು ಹಿಡಿದರು, ಯಾವ ತಿಂಗಳಲ್ಲಿ ಮರಿ ಉಣುಗು ಜಾಸ್ತಿ ಅಂತ ನೋಡಿದರು. ಬೇಸಿಗೆಗೆ ಮುಂಚೆ ಜನ ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವ ಹೊತ್ತಿಗೇ ಮರಿ ಉಣುಗುಗಳೂ ಹೆಚ್ಚಿರುತ್ತವೆ. 2019ರಲ್ಲಿ ಸಾಗರ ತಾಲೂಕಿನ ಅರಲಗೋಡಿನಲ್ಲಿ ಸಾವುಗಳಾದಾಗ ವೈದ್ಯರು ಮತ್ತೆ ತಿರುಗಿದ್ದು ಆ ತಿಳಿವಳಿಕೆಯ ಕಡೆಗೇ. ಸತ್ತ ಮಂಗ ಕಂಡರೆ ತಕ್ಷಣ ತಿಳಿಸಿ, ಕಾಡಿಗೆ ಹೋಗುವಾಗ ಉಣುಗು ಕಚ್ಚದ ಹಾಗೆ ಮೈಗೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ ಅಂತ ಹೇಳುವುದರ ಹಿಂದೆ ಅರವತ್ತು ವರ್ಷ ಹಿಂದಿನ ಆ ಕೆಲಸ ಇದೆ. ಇದನ್ನೆಲ್ಲ ಕನ್ನಡದಲ್ಲಿ ಬರೆದು ಮನೆಮನೆಗೆ ಹಂಚಿದ ಕರಪತ್ರಕ್ಕೆ ಯಾವ ಪಟ್ಟಿಯಲ್ಲೂ ಅಂಕ ಇಲ್ಲ. ಎಷ್ಟು ಜೀವ ಉಳಿಸಿದರೂ ಇಲ್ಲ.

ಅಡಿಕೆಯ ಕೊಳೆರೋಗದ ಕಥೆ ಇದಕ್ಕೂ ಹಳೆಯದು. 1908ರಲ್ಲಿ ಲೆಸ್ಲಿ ಕೋಲ್ಮನ್ ಅನ್ನುವ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವುದನ್ನು ಅಭ್ಯಾಸ ಮಾಡಿದರು. ಫೈಟಾಫ್ತೊರಾ ಅನ್ನುವ ಬೂಷ್ಟಿನಂಥ ಜೀವಿ ಇದಕ್ಕೆ ಕಾರಣ ಅಂತ ತೋರಿಸಿ, 1910ರಲ್ಲಿ ಬರೆದರು. ನಮ್ಮವರು ಕರೆಯುತ್ತಿದ್ದ 'ಕೊಳೆರೋಗ' ಅನ್ನುವ ಹೆಸರನ್ನೇ ಇಂಗ್ಲಿಷ್ ಬರಹಕ್ಕೂ ಇಟ್ಟರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಡೆಯಲು ಹೇಳಿದರು. ಇವತ್ತು ಆ ಬರಹವನ್ನು ಎಷ್ಟು ಜನ ಸೈಟ್ ಮಾಡುತ್ತಾರೋ, ಆದರೆ ಪ್ರತಿ ಮಳೆಗಾಲ ಮಲೆನಾಡಿನ ತೋಟ ತೋಟಗಳಲ್ಲೂ ಅದು ನಡೆಯುತ್ತದೆ. ಈಗ ಎಲೆಚುಕ್ಕಿ ರೋಗ ಬಂದು ತೋಟಗಳು ಸೊರಗುತ್ತಿವೆ. ಕೃಷಿ ವಿಶ್ವವಿದ್ಯಾಲಯದವರು ಅದರ ಹಿಂದೆ ಬಿದ್ದಿದ್ದಾರೆ. ಅವರಿಗೂ ಕೋಲ್ಮನ್ನರಷ್ಟು ತಾಳ್ಮೆಯ ಕಾಲ ಸಿಗಲಿ ಅಂತ ನನ್ನ ಆಸೆ.

ಹೋದ ಆಷಾಢದಲ್ಲಿ ಮಳೆ ಎರಡು ದಿನ ಬಿಡುವು ಕೊಟ್ಟಿತು. ಮರ ಹತ್ತಿ ಬೋರ್ಡೋ ಹೊಡೆಯುವ ಕೊನೆಗೌಡರು ಬಂದರು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಿ ಡ್ರಮ್ಮಿನಲ್ಲಿ ಕೂಡಿಸಿದ್ದಾಯಿತು. ಆ ರಸಾಯನಶಾಸ್ತ್ರದ ಗೆಳೆಯನೂ ಅವತ್ತು ಮನೆಗೆ ಬಂದಿದ್ದ. ಅಪ್ಪ ಕತ್ತಿಯ ತುದಿಯನ್ನು ಡ್ರಮ್ಮಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದರು. ಕಬ್ಬಿಣದ ಮೇಲೆ ತೆಳ್ಳಗೆ ತಾಮ್ರದ ಕೆಂಪು. ಗೆಳೆಯ ಬಗ್ಗಿ ನೋಡಿದ. "ಕಬ್ಬಿಣ ಎಲೆಕ್ಟ್ರಾನ್ ಕೊಟ್ಟಿತು, ತಾಮ್ರ ತಗೊಂಡಿತು. ನಮ್ಮ ಲ್ಯಾಬಿನಲ್ಲಿ ನೋಡೋದೂ ಇದನ್ನೇ, ಅಪ್ಪಾಜಿ" ಅಂದ.

"ಹೌದನಾ?" ಅಂದರು ಅಪ್ಪ. ಕತ್ತಿಯನ್ನು ಪಂಚೆಗೆ ಒರೆಸಿ ನನ್ನ ಕಡೆ ತಿರುಗಿದರು. "ಸುಣ್ಣ ಸಾಲ್ದು ಮಾರಾಯ. ಇನ್ನೊಂದು ಬೊಗಸೆ ಹಾಕು."