ಓಬವ್ವನ ಸೀರೆಗೆ ಎಷ್ಟು ತುಂಡು ಕೆಂಪು?

ನವೆಂಬರ್ ಬಂದರೆ ಚಿತ್ರದುರ್ಗದ ಫ್ಲೆಕ್ಸ್ ಅಂಗಡಿಗಳಲ್ಲಿ ಒನಕೆ ಓಬವ್ವನಿಗೆ ಬಿಡುವಿಲ್ಲ. 1ಕ್ಕೆ ರಾಜ್ಯೋತ್ಸವ, 11ಕ್ಕೆ ಓಬವ್ವ ಜಯಂತಿ. ಎಷ್ಟು ಅಡಿ ಹಿಗ್ಗಿಸಿದರೂ ಗೆರೆ ಒಡೆಯಬಾರದು ಅಂತ ಚಿತ್ರವನ್ನು ವೆಕ್ಟರ್‌ನಲ್ಲೇ, ಅಂದರೆ ಚುಕ್ಕಿಗಳ ಬದಲು ಗೆರೆಗಳ ಲೆಕ್ಕದಲ್ಲೇ, ಬಿಡಿಸುತ್ತಾರೆ. ಅಷ್ಟರ ಮಟ್ಟಿಗೆ ಸರಿ. ಆಮೇಲೆ ಸೀರೆಗೆ ಬಣ್ಣ ತುಂಬಲು ಬ್ರಷ್ ಹಿಡಿದು ಬಳಿದದ್ದೇ ಬಳಿದದ್ದು. ಕಂಪ್ಯೂಟರ್ ತೆವಳತೊಡಗಿದರೆ ರ‍್ಯಾಮ್ ಸಾಲದು ಅಂತ ಬೈಗುಳ!

ರ‍್ಯಾಮ್ ಪಾಪ ಏನು ಮಾಡುತ್ತದೆ? ಫೋಟೋಶಾಪ್‌ನ ಒಂದೇ ಲೇಯರ್‌ನಲ್ಲಿ ಕೆಂಪಿನ ಮೇಲೆ ಕೆಂಪು ಬಳಿದರೆ ಚುಕ್ಕಿಗಳ ಬಣ್ಣ ಬದಲಾಗುತ್ತದೆ, ಅಷ್ಟೇ. ಹಳೆಯ ಸ್ಟ್ರೋಕ್ ಅಳಿದೇ ಹೋಯಿತು. ವೆಕ್ಟರ್‌ನಲ್ಲಿ ಬಣ್ಣ ಬಳಿಯುವುದೆಂದರೆ ಬಣ್ಣದ ಕಾಗದ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದ ಹಾಗೆ. ಅಡಿಯ ತುಂಡು ಕಾಣದಿದ್ದರೂ ಅಲ್ಲೇ ಇರುತ್ತದೆ. ಸ್ಕ್ರೀನ್ ಸರಿಸಿದಾಗೆಲ್ಲ ಅದನ್ನೂ ಹೊಸದಾಗಿ ಬರೆಯಬೇಕು.

ಪ್ರತಿ ತುಂಡಿನ ಅಂಚೂ ಬೆಜಿಯೆ ಗೆರೆಗಳ ಸರಪಳಿ. ಒಂದು ಬಾಗಿದ ಗೆರೆಗೆ 4 ಬಿಂದು: ಎರಡು ತುದಿಗೆ, ಎರಡು ಬಾಗು ಹೇಳಲು. ಈ ಬಿಂದುಗಳ ನಡುವೆ ಗೆರೆ ಎಳೆದು, ಆ ಗೆರೆಗಳ ಮಧ್ಯಬಿಂದುಗಳನ್ನು ಜೋಡಿಸಿ, ಅವುಗಳ ಮಧ್ಯವನ್ನು ಮತ್ತೆ ಜೋಡಿಸುತ್ತ ಹೋದರೆ ಬಾಗಿದ ಗೆರೆಯ ಮೇಲಿನ ಒಂದು ಬಿಂದು ಸಿಗುತ್ತದೆ. ಎಂಥ ಸೊಗಸು ಅಲ್ವಾ? ಇದನ್ನು 1959ರಲ್ಲೇ ಕಂಡುಕೊಂಡವರು ಸಿಟ್ರೊಯೆನ್ ಕಾರು ಕಂಪನಿಯ ಪಾಲ್ ದ ಕಾಸ್ಟೆಲ್ಜೊ. ಕಂಪನಿ ಗುಟ್ಟು ಬಿಡಲಿಲ್ಲ. ರೆನೋದ ಪಿಯೆರ್ ಬೆಜಿಯೆ ಬಹಿರಂಗವಾಗಿ ಬರೆದರು, ಹೆಸರು ಅವರದೇ ಉಳಿಯಿತು. ಕಾರಿನ ಮೈಯ ಲೆಕ್ಕ ಈಗ ಓಬವ್ವನ ಸೆರಗಿಗೆ ಬಂದಿದೆ.

ಕೈ ನಡುಗಿದಷ್ಟೂ ಬಿಂದು ಜಾಸ್ತಿ, ಕಂಪ್ಯೂಟರ್‌ಗೆ ಲೆಕ್ಕವೂ ಜಾಸ್ತಿ. ಹಾಗಾಗಿ ಸೀರೆಯ ಹೊರಗೆರೆಯ ಎರಡೂ ತುದಿ ಕೂಡಿಸಿ, ಒಂದೇ ಸಲ ಬಣ್ಣ ತುಂಬಿ. ನೆರಿಗೆಯ ನೆರಳಿಗೆ ಮಾತ್ರ ಬ್ರಷ್ ಸಾಕು. ಆ ಸ್ಟ್ರೋಕ್‌ಗಳನ್ನು ಪವರ್‌ಕ್ಲಿಪ್ (ಒಂದು ಆಕಾರದೊಳಗೆ ಚಿತ್ರ ಕೂರಿಸುವ ಕೋರೆಲ್ ತಂತ್ರಾಂಶದ ಸೌಲಭ್ಯ) ಮಾಡಿ ಸೀರೆಯೊಳಗೆ ಕೂರಿಸಿದರೆ ಅಂಚು ದಾಟುವ ಚಿಂತೆಯೇ ಇಲ್ಲ.

ಇಲಸ್ಟ್ರೇಟರ್‌ನ ಬ್ಲಾಬ್ ಬ್ರಷ್ ಒಂದೇ ಬಣ್ಣದ ಸ್ಟ್ರೋಕ್‌ಗಳನ್ನು ತಾನೇ ಬೆಸೆಯುತ್ತದೆ. ಆದರೆ ಅವು ಪೇರಿಕೆಯಲ್ಲಿ ಅಕ್ಕಪಕ್ಕ ಇರಬೇಕು. ನಡುವೆ ಅದೇ ಜಾಗದಲ್ಲಿ ಹಸಿರು ಬಳಿದು ಮತ್ತೆ ಕೆಂಪಿಗೆ ಬಂದರೆ ಬೆಸುಗೆ ಆಗಲ್ಲ. ಒಂದು ಬಣ್ಣ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗಿ. ಕೋರೆಲ್‌ನಲ್ಲಿ ವೆಲ್ಡ್, ಇಂಕ್‌ಸ್ಕೇಪ್‌ನಲ್ಲಿ ಯೂನಿಯನ್ ಇದೇ ಕೆಲಸಕ್ಕಿವೆ. ಬಿಂದು ಕಡಿಮೆ ಮಾಡುವ ಸಿಂಪ್ಲಿಫೈ ಮಾತ್ರ ಹುಷಾರು, ಸುಮ್ನೆ ಒತ್ತುತ್ತ ಹೋದರೆ ಮೂಗೂ ಮೊಂಡಾಗುತ್ತದೆ.

ವೆಲ್ಡ್‌ಗೆ ಮುಂಚೆ ಒಂದು ಪ್ರತಿ ಬೇರೆ ಲೇಯರ್‌ನಲ್ಲಿಡಿ. ಗಿರಾಕಿ ರಾತ್ರಿ ಬಂದು ಸೆರಗಷ್ಟೇ ಹಸಿರಾಗಲಿ ಅಂದರೆ, ಬೆಸೆದದ್ದನ್ನು ಬಿಡಿಸುವುದು ಕಷ್ಟ.