ಕೇಳಿದ್ದು ತಟ್ಟೆ ಇಡ್ಲಿ, ಬಂದಿದ್ದು ಪಾರ್ಸೆಲ್

ಅಕ್ಕನ ಮಗ ತುಮಕೂರಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮೊನ್ನೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕೂತಾಗ ಲ್ಯಾಪ್‌ಟಾಪ್ ತೆಗೆದು ಉಬುಂಟು ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಕ್ರೋಮಿಯಂ ಬ್ರೌಸರ್ ಹಾಕೋಕೆ, ಪ್ರೋಗ್ರಾಂ ತಂದು ಕೂರಿಸುವ ಆಪ್ಟ್ ಕಮಾಂಡ್ ಕೊಟ್ಟ. ಪರದೆ ಮೇಲೆ ಸ್ನ್ಯಾಪ್ ಇನ್‌ಸ್ಟಾಲ್ ಆಗ್ತಿದೆ ಅಂತ ಬಂತು. 'ಮಾಮ, ನಾನು ಕೇಳಿದ್ದು ಇದನ್ನಲ್ವಲ್ಲ?'

ಉಬುಂಟು ಬೈಸಿಕೊಳ್ಳುವುದು ಹೆಚ್ಚಾಗಿ ಇಲ್ಲೇ.

ಪ್ರೋಗ್ರಾಂ ಕಟ್ಟಿಕೊಡೋಕೆ ಇಲ್ಲಿ ಎರಡು ದಾರಿ, ಡೆಬ್ ಮತ್ತು ಸ್ನ್ಯಾಪ್. ಆಪ್ಟ್ ಸಾಮಾನ್ಯವಾಗಿ ತರುವ ಡೆಬ್ ಪ್ಯಾಕೇಜ್ ಹೋಟೆಲಿನ ಚಟ್ನಿ ಬಕೆಟ್ ಇದ್ದ ಹಾಗೆ. ಎಲ್ಲ ಟೇಬಲ್ಲಿಗೂ ಒಂದೇ ಬಕೆಟ್, ಹತ್ತಾರು ಪ್ರೋಗ್ರಾಂಗೆ ಒಂದೇ ಲೈಬ್ರರಿ, ಅಂದರೆ ಹಂಚಿಕೊಂಡು ಬಳಸುವ ಕೋಡ್. ದೋಷ ಸಿಕ್ಕರೆ ಒಂದು ಕಡೆ ಸರಿ ಮಾಡಿದರೆ ಸಾಕು. ಸ್ನ್ಯಾಪ್ ಅನ್ನೋದು ಪಾರ್ಸೆಲ್, ಪ್ರತಿಯೊಬ್ಬರಿಗೂ ಬೇರೆ ಬೇರೆ ಚಟ್ನಿ ಕಟ್ಟಿಕೊಡ್ತಾರೆ. ಜಾಗ ಜಾಸ್ತಿ ತಿನ್ನುತ್ತದೆ. ಪ್ರೋಗ್ರಾಂ ಒತ್ತಿದ ಫೈಲಾಗಿ ಕೂತಿರುವುದರಿಂದ ಓದುವಾಗಲೇ ಬಿಚ್ಚಿಕೊಳ್ಳಬೇಕು, ಹಳೇ ಹಾರ್ಡ್ ಡಿಸ್ಕ್ ಇದ್ದರಂತೂ ಮೊದಲ ಸಲ ತೆರೆಯೋಕೆ ಕಾಯಬೇಕು. ಹಾಗಂತ ಪಾರ್ಸೆಲ್ ಕೆಟ್ಟದ್ದೇನಲ್ಲ, ಯಾವ ಆವೃತ್ತಿಗೂ ಹೊಂದುತ್ತದೆ, ಬೇರೆ ಪ್ರೋಗ್ರಾಂ ತಂಟೆಗೂ ಅಷ್ಟಾಗಿ ಹೋಗಲ್ಲ.

ಆದರೆ ನಿಧಾನಕ್ಕಿಂತ ಹೆಚ್ಚು ಸಿಟ್ಟು ಬರಿಸಿದ್ದು, ಕೇಳದೆ ಬದಲಾಯಿಸಿದ್ದು. 2022ರಲ್ಲಿ ಬಂದ ಉಬುಂಟು 22.04 ಆವೃತ್ತಿಯಲ್ಲಿ ಫೈರ್‌ಫಾಕ್ಸ್ ಕೂಡ ಸ್ನ್ಯಾಪ್ ಆಯಿತು. ಸ್ನ್ಯಾಪ್ ಅಂಗಡಿಯ ಸರ್ವರ್ ಇರುವುದು ಉಬುಂಟು ಮಾಡುವ ಕೆನಾನಿಕಲ್ ಕಂಪನಿ ಕೈಯಲ್ಲಿ, ಅದರ ಕೋಡ್ ಮುಚ್ಚಿದ್ದು. ಎಲ್ಲ ತೆರೆದಿರಲಿ ಅಂತಲೇ ಲಿನಕ್ಸ್‌ಗೆ ಬಂದವರು ಇದನ್ನು ಒಪ್ಪೋದು ಕಷ್ಟ. ಉಬುಂಟು ಮೇಲೇ ಕಟ್ಟಿದ ಲಿನಕ್ಸ್ ಮಿಂಟ್, 2020ರಲ್ಲಿ ತನ್ನ 20ನೇ ಆವೃತ್ತಿಯಲ್ಲಿ ಸ್ನ್ಯಾಪ್ ತಾನಾಗಿ ಒಳಗೆ ಬರದಂತೆ ತಡೆದೇ ಬಿಟ್ಟಿತು.

ಇದೇನು ಹೊಸ ಜಗಳವಲ್ಲ ಬಿಡಿ. 2012ರಲ್ಲಿ ಬಂದ 12.10ರಲ್ಲಿ ನಿಮ್ಮದೇ ಫೈಲ್ ಹುಡುಕಿದರೂ ಅಮೆಜಾನ್ ಸಾಮಾನು ಕಣ್ಣಿಗೆ ಬೀಳುತ್ತಿತ್ತು! ಬೈಗುಳ ತಿಂದು ತಿಂದು, 2016ರ 16.04ರಲ್ಲಿ ಅದನ್ನು ಮೊದಲಿಂದಲೇ ಆಫ್ ಮಾಡಿ ಕೊಟ್ಟರು.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗ ಕೇಳಿದ, 'ಮತ್ತೆ ನೀವ್ಯಾಕೆ ಇನ್ನೂ ಉಬುಂಟುನೇ ಇಟ್ಕೊಂಡಿದ್ದೀರ?' ಪ್ರಿಂಟರ್, ವೈಫೈ ಎಲ್ಲ ಸುಮ್ನೆ ನಡೀತಿದೆ, ಅದಕ್ಕೆ. ಫೈರ್‌ಫಾಕ್ಸ್ ಮಾತ್ರ ಅದನ್ನು ಮಾಡುವ ಮೊಜಿಲ್ಲಾದವರ ಆಪ್ಟ್ ರೆಪೊಸಿಟರಿಯಿಂದ, ಅಂದರೆ ಅವರದೇ ಪ್ಯಾಕೇಜ್ ಉಗ್ರಾಣದಿಂದ, ಹಾಕಿಕೊಂಡಿದ್ದೇನೆ. ಆ ರೆಪೊಸಿಟರಿಗೆ ಪ್ರಿಯಾರಿಟಿ ಜಾಸ್ತಿ ಕೊಡೋದು ಮರೆಯಬೇಡ ಅಂದೆ, ಇಲ್ಲದಿದ್ದರೆ ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ಪಾರ್ಸೆಲ್ಲೇ ಬಂದು ಕೂರುತ್ತದೆ.